ಗೋಡೆಯ ಮೇಲೆ ಬರೆದ ಪಾಸ್‌ವರ್ಡ್

ಮಕ್ಕಳೇ, ನಮ್ಮ ಪಡಸಾಲೆಯ ಗೋಡೆಯನ್ನು ಅರ್ಧ ಊರೇ ಓದುತ್ತಿತ್ತು. ಕಾಲುವೆಯ ನೀರು ಯಾವ ದಿನ ಯಾರ ಹೊಲಕ್ಕೆ ಎಂಬ ಪಾಳಿಯನ್ನು ನಿಮ್ಮ ಅಜ್ಜ ಅದರ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದರು. ಅವರು ಹೋದ ಮೇಲೆ ನಾನು ಬರೆದೆ. ನಾಲ್ಕನೆಯ ತರಗತಿಯ ತನಕ ಊರ ಸಾಲೆಯಲ್ಲಿ ಕಲಿತವಳು, ಅಕ್ಷರ ದುಂಡಗಿದ್ದವು. ಗಂಡಸರು ಬಂದು ಕೇಳಿದರೆ ಸೆರಗು ಮುಂದಕ್ಕೆಳೆದು ಗೋಡೆ ತೋರಿಸುತ್ತಿದ್ದೆ. ಮಾತಾಡುವ ಕಷ್ಟ ತಪ್ಪುತ್ತಿತ್ತು. ನೆಂಟರ ಫೋನ್ ನಂಬರುಗಳು, ಎಮ್ಮೆ ಈಯುವ ತಿಂಗಳು, ಮರೆಯಬಾರದ್ದೆಲ್ಲ ಅಲ್ಲೇ.

ಕೊರೊನಾ ಬಂದು ಸಾಲೆಗಳು ಮುಚ್ಚಿ ಪಾಠ ಫೋನಿನಲ್ಲಿ ಬರತೊಡಗಿದಾಗ ನಿಮ್ಮ ದೊಡ್ಡಕ್ಕ ಪಕ್ಕದೂರಿನ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿ. ಅವಳ ಅಪ್ಪ, ನನ್ನ ಹಿರಿಮಗ, ಶಹಾಪುರದಿಂದ ಫೋನ್ ತಂದುಕೊಟ್ಟಿದ್ದ. ಪ್ರತಿ ಮಗುವಿಗೂ ಒಂದು ಪಾಸ್‌ವರ್ಡ್. ಅದನ್ನು ಒತ್ತಿದರೆ ಮಾತ್ರ ಪಾಠಕ್ಕೆ ಪ್ರವೇಶ. ಅವಳು ಎರಡು ಸಲ ಮರೆತು ಅತ್ತಳು. ಮೂರನೆಯ ಸಲ ಅಳಬಾರದೆಂದು ಅವಳ ಹೆಸರು, ಅದರ ಮುಂದೆ ಪಾಸ್‌ವರ್ಡ್, ನೀರಿನ ಪಾಳಿಯ ಪಕ್ಕದಲ್ಲೇ ದೊಡ್ಡದಾಗಿ ಬರೆದುಬಿಟ್ಟೆ.

ಹದಿನೈದು ದಿನವೂ ಆಗಿರಲಿಲ್ಲ. ಯಾರೋ ಅವಳ ಹೆಸರಿನಲ್ಲಿ ತರಗತಿಯೊಳಗೆ ಸೇರಿ, ಎಲ್ಲ ಮಕ್ಕಳಿಗೂ ಕಾಣುವಂತೆ ಮಾಸ್ತರರಿಗೆ ಹೊಲಸು ಮಾತು ಬರೆದರು. ಮಾಸ್ತರರು ಅವಳ ಹೆಸರು ತೆಗೆದುಹಾಕಿ, ಮಗನಿಗೆ ಫೋನ್ ಮಾಡಿ ಬೈದರು.

"ಸಾಕು ಸಾಲಿ. ನಾಳಿಂದ ಹತ್ತಿ ಬಿಡಸಾಕ ಬಾ," ಎಂದ ಅವನು.

"ಆ ಹೊಲಸು ಮಾತು ನಾ ಬರದಿಲ್ಲಪ್ಪಾ, ನಿನ್ನಾಣಿ!"

"ಮತ್ತ ನಿನ್ನ ಹೆಸರಿಲೆ ದೆವ್ವ ಬರೀತೇನು?"

ಅವಳು ಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. ಅವಳ ತಲೆ ನೇವರಿಸುತ್ತ ಕಣ್ಣೆತ್ತಿದರೆ ಎದುರಿಗೆ ಗೋಡೆ. ನನ್ನದೇ ದುಂಡಕ್ಷರ.

"ಆ ದೆವ್ವಕ್ಕ ಬಾಗಲಾ ತಗದಾಕಿ ನಾನಪಾ," ಎಂದು ತೋರಿಸಿದೆ.

ಮಗ ಗೋಡೆಯ ಹತ್ತಿರ ಹೋಗಿ ಓದಿದ. "ಇದನ್ನ ಮಾಸ್ತರಗ ಯಾರು ಹೇಳ್ಬೇಕು ಯವ್ವಾ? ನೀ ಹೇಳ್ತೀಯೇನು, ಮಂದಿ ಕಂಡ್ರ ಒಳಗ ಓಡಾಕಿ?"

ಮರುದಿನ ಅವಳ ಕೈ ಹಿಡಿದು ಕಾಲುವೆಯ ಏರಿಯ ಮೇಲೆ ನಡೆದೆ. ನಾನು ಕಲಿಯುವುದು ಬಿಟ್ಟ ಮೇಲೆ ಸಾಲೆಯೊಂದರ ಮೆಟ್ಟಿಲು ಹತ್ತಿದ್ದು ಅಂದೇ. ಮಕ್ಕಳಿಲ್ಲದ ಸಾಲೆಯಲ್ಲಿ ಮಾಸ್ತರರೊಬ್ಬರೇ ವರಾಂಡದಲ್ಲಿ ಕುಳಿತಿದ್ದರು.

"ತಪ್ಪು ಕೂಸಿಂದಲ್ರಿ ಸರ್, ನಂದು. ಪಾಸ್‌ವರ್ಡ್ ಗ್ವಾಡಿ ಮ್ಯಾಲ ಬರದಿದ್ದೆರಿ."

"ಗ್ವಾಡಿ ಮ್ಯಾಲ!" ಅವರು ನಕ್ಕೇಬಿಟ್ಟರು. "ಅದೇನು ಸುಣ್ಣದ ಜಾಹೀರಾತೇನ್ ಯಮ್ಮಾ?"

ನಾಚಿಕೆಯಿಂದ ಅವರ ಮುಖ ನೋಡಲಾರದೆ ಅವರ ಹಿಂದಿನ ಗೋಡೆ ನೋಡಿದೆ. ಅಲ್ಲಿ ಒಂದು ಕಾಗದ ಅಂಟಿಸಿತ್ತು: ಎಲ್ಲ ಮಕ್ಕಳ ಹೆಸರು, ಹುಟ್ಟಿದ ದಿನ, ಅಪ್ಪನ ಫೋನ್ ನಂಬರು, ಕೊನೆಗೆ ಪಾಸ್‌ವರ್ಡ್.

"ನಮ್ಮ ಗ್ವಾಡಿ ಮನಿ ಒಳಗರ ಅದರಿ ಸರ್. ನಿಮ್ದು ಹಾದಿಗಿ ಮುಖ ಮಾಡ್ಯದ."

ಹೇಗೆ ಅಂದೆನೋ. ಅವರು ತಿರುಗಿ ನೋಡಿದರು, ನಗು ನಿಂತಿತು. ಎದ್ದು ಉಗುರಿನಿಂದ ಕಾಗದ ಕೀಳತೊಡಗಿದರು. ಒಂದು ಮೂಲೆ ಏಳಲಿಲ್ಲ. ನಿಮ್ಮಕ್ಕ ಹೋಗಿ ಕೆರೆದು ಬಿಡಿಸಿದಳು.

"ತಾಯಿ-ತಂದಿ ಮ್ಯಾಲಿಂದ ಮ್ಯಾಲ ಕೇಳ್ತಾರಂತ ಹಚ್ಚಿದ್ದೆ," ಎಂದರು ಮೆಲ್ಲಗೆ. "ಎಲ್ಲಾರ್ದೂ ಬದ್ಲಿ ಮಾಡ್ತೀನಿ. ನಿಮ್ಮ ಮಗಗ ನಾನೇ ಫೋನ್ ಹಚ್ಚಿ ಹೇಳ್ತೀನಿ." ಆಮೇಲೆ ಅವಳ ಕಡೆ ತಿರುಗಿ, "ಹೊಸಾದು ನೀನೇ ಇಟ್ಕೋವಾ. ನನಗೂ ಹೇಳಬ್ಯಾಡ."

ಹೊಲಸು ಬರೆದವರು ಯಾರು, ಓದಿದ್ದು ಯಾವ ಗೋಡೆ ಎಂಬುದು ಕಡೆಗೂ ತಿಳಿಯಲಿಲ್ಲ.

ದಾರಿಯಲ್ಲಿ ಅವಳು, "ಆಯಿ, ಹೊಸಾದು ಹೇಳ್ತೀನಿ, ಕಿವಿ ಕೊಡು," ಎಂದಳು.

"ಬ್ಯಾಡವ್ವಾ."

"ನೀ ಯಾರಿಗಿ ಹೇಳ್ತಿ? ನೀ ಮಾತೇ ಆಡಂಗಿಲ್ಲ!"

"ಈಗ ಆಡಿ ಬಂದೀನಲ್ಲ?"

ಅವಳು ನಕ್ಕಳು. ಎರಡು ದಿನದಲ್ಲಿ ಅದೇ ಮೊದಲ ನಗು.

ಮಾರನೆಯ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿರುವಾಗ ಫೋನಿನಲ್ಲಿ ಮಾಸ್ತರರು ಅವಳ ಹೆಸರು ಕರೆದರು. ಸಪ್ಪಳ ಪಾಠದೊಳಗೆ ಹೋಗಬಾರದೆಂದು ಕೈ ನಿಲ್ಲಿಸಿದೆ. "ಹಾಜರ್ ಸರ್," ಎಂದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ಅವಳ ಅಪ್ಪ ಅದನ್ನೇ ತಿಂದು, ಒಬ್ಬನೇ ಹತ್ತಿಯ ಹೊಲಕ್ಕೆ ಹೋದ.