ಕುಂಟದ ಬಾಜೂಕಿನ ಇಪ್ಪಿ ಗಿಡ

ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿ ಕಲ್ಲಿನ ವ್ಯಾಪಾರದಲ್ಲಿ ನಾನು ಕಲಿತ ಮೊದಲ ಬುದ್ಧಿ ಇದು: ಖಣಿಯವನ ಮಾತು ಕೇಳುವ ಮೊದಲು ಅವನ ಖಣಿಯನ್ನು ಮೇಲಿನಿಂದ ನೋಡಿಬಿಡಬೇಕು. ಅದಕ್ಕೆಂದೇ ಮೊಬೈಲಿನಲ್ಲಿ ಉಪಗ್ರಹದ ಚಿತ್ರ ತೋರಿಸುವ ಒಂದು ಆ್ಯಪ್ ಇಟ್ಟುಕೊಂಡಿದ್ದೇನೆ. ಬೇಕಾದ ಜಾಗವನ್ನು ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ತೆರೆದುಕೊಳ್ಳುತ್ತದೆ. ನಾವು ನಿಂತಲ್ಲಿ ನೀಲಿ ಚುಕ್ಕೆಯೊಂದು ಕಾಣುತ್ತದೆ. ಕಾಡಿನ ಅಂಚಿಗೆ ಹೋಗಿ ಮೊಬೈಲ್ ಮೇಲೆತ್ತಿ ಹಿಡಿಯುವವರಿಗೆ ನಾನು ಹೇಳುವುದಿಷ್ಟೇ: ಮನೆಯಲ್ಲೇ ಇಳಿಸಿಕೊಂಡು ಹೊರಡಿ.

ನನ್ನ ಅತ್ತೆಯವರ ತವರು ಕುಂಚಾವರಂ ಕಡೆಯ ಒಂದು ಸಣ್ಣ ಹಳ್ಳಿ. ಅವರ ಚೊಚ್ಚಲ ಕೂಸು ಅಲ್ಲೇ ಹುಟ್ಟಿ, ವಾರದೊಳಗೆ ತೀರಿಕೊಂಡಿತ್ತು. ಬಾಣಂತಿ ಹೊರಗೆ ಬರಬಾರದೆಂದು ಗಂಡಸರೇ ಒಯ್ದು ಮಣ್ಣು ಮಾಡಿದ್ದರು. ಆಮೇಲೆ ಅವರು ಭಂಕೂರಕ್ಕೆ, ಗಂಡನ ಮನೆಗೆ ಬಂದರು; ತವರಿನವರೂ ಊರು ಬಿಟ್ಟರು. ಈಗ ನಮ್ಮ ಮನೆಯಲ್ಲಿದ್ದಾರೆ, ಮೊಳಕಾಲು ಸೋತಿವೆ. ಪೂರ್ತಿ ಕೂತುಬಿಡುವ ಮೊದಲು ಆ ಕೂಸಿಗೊಮ್ಮೆ ಹಾಲು ಎರೆದು ಬರಬೇಕೆಂಬುದೊಂದೇ ಅವರ ಆಸೆ. ಮಣ್ಣು ಮಾಡಿದ ಜಾಗದ ಗುರುತು ಕೇಳಿದರೆ, ಗಂಡಸರು ಅಂದು ಹೇಳಿದ್ದನ್ನೇ ಹೇಳುತ್ತಿದ್ದರು: ಕುಂಟದ ಬಾಜೂಕಿನ ಇಪ್ಪಿ ಗಿಡ.

ಪಕ್ಕದ ಇಪ್ಪೆ ಮರ ಎಂಬುದು ತಿಳಿಯಿತು. ಉಳಿದದ್ದು ತೆಲುಗು ಬೆರೆತ ಮಾತು, 'ಕುಂಟನ' ಅನ್ನಲು ಹೋಗಿ 'ಕುಂಟದ' ಅನ್ನುತ್ತಾರೆ, ಯಾರೋ ಕುಂಟನ ಹೊಲದ ಪಕ್ಕ ಇರಬೇಕು ಎಂದು ನಾನೇ ತಿದ್ದಿಕೊಂಡೆ. ಒಂದು ಸಲ ಒಬ್ಬನೇ ಹೋಗಿ ಕುಂಟನ ಹೊಲ ಎಲ್ಲಿ ಎಂದು ವಿಚಾರಿಸಿದ್ದೂ ಆಯಿತು. ಜನ ಒಬ್ಬ ಕುಂಟ ಮುದುಕನ ಮನೆ ತೋರಿಸಿದರು. ಆತ ಚಹಾ ಕುಡಿಸಿ, ತನಗೆ ಹೊಲವೇ ಇಲ್ಲವೆಂದು ಕಳಿಸಿದ.

ಕಡೆಗೆ ಆ ಊರಿನ ಚಿತ್ರ ಇಳಿಸಿ ಅತ್ತೆಯವರ ಮುಂದೆ ಹಿಡಿದೆ. ಹಳ್ಳದ ತಿರುವು ನೋಡಿಯೇ ಊರನ್ನು ಗುರುತಿಸಿದರು. "ನಿಮ್ಮ ಕಾಲದ ಆ ಕುಂಟ ಸತ್ತು ಎಷ್ಟ ವರ್ಷಾಗ್ಯಾವೋ," ಎಂದೆ.

"ಕುಂಟ ಹ್ಯಾಂಗ ಸಾಯ್ತದ್ರಿ ಅಳಿಯಾರ? ಇಲ್ಲೇ ಅದಲ್ಲ." ಅವರ ಬೆರಳು ಒಂದು ಕಪ್ಪು ಮಚ್ಚೆಯ ಮೇಲಿತ್ತು. "ಮನಿಷ್ಯಾ ಅಲ್ರಿ, ನೀರು. ನಮ್ಮ ಕಡಿ ಸಣ್ಣ ಕೆರಿಗಿ ಕುಂಟ ಅಂತಾರ."

ಖಣಿಯವರ ಸುಳ್ಳು ಹಿಡಿಯುವವನಿಗೆ ಮನೆಯವರ ನಿಜ ಕೇಳಿಸಿರಲಿಲ್ಲ. ಮಚ್ಚೆಯ ಪಕ್ಕದಲ್ಲಿ ಮರದ ತಲೆಯೊಂದು ದುಂಡಗೆ ಕಂಡಿತು. ಅತ್ತೆಯವರು ಅದನ್ನು ಸವರಲು ಹೋದರು. ಚಿತ್ರ ಸರಕ್ಕನೆ ಸರಿದುಹೋಯಿತು. ಕೈ ಹಿಂದಕ್ಕೆಳೆದುಕೊಂಡು, "ಮುಟ್ಟಿದ್ರ ಓಡ್ತದ," ಎಂದರು, ತಪ್ಪು ಮಾಡಿದವರ ಹಾಗೆ.

ಇಂಥ ಚಿತ್ರಗಳು ಹಳೆಯವಾಗಿರುತ್ತವೆ, ಮರ ಈಗ ಇರಲಿಕ್ಕಿಲ್ಲ ಎಂಬುದು ನನಗಷ್ಟೇ ಗೊತ್ತಿತ್ತು.

ಮರುವಾರ ಜೀಪಿನಲ್ಲಿ ಹೊರಟೆವು. ಚಿಂಚೋಳಿ ದಾಟಿ ಕಾಡು ಹೊಕ್ಕ ಮೇಲೆ ಸಿಗ್ನಲ್ ಹೋಯಿತು, ನೀಲಿ ಚುಕ್ಕೆ ಮಾತ್ರ ನಮ್ಮ ಜೊತೆ ಬಂತು. ದಾರಿ ಮುಗಿದಲ್ಲಿ ಇಳಿದು ನಡೆದೆವು. ಎಷ್ಟು ದೂರ ಎಂದರು ಅತ್ತೆಯವರು. ಮುನ್ನೂರು ಹೆಜ್ಜೆಯಾದರೂ ಇತ್ತು, ನಾನು ನೂರೆಂದೆ. ನೂರು ಮುಗಿದಾಗ ಇನ್ನು ಐವತ್ತು ಎಂದೆ. "ನನ್ನ ಕೂಡನೂ ವ್ಯಾಪಾರ ಮಾಡಾಕತ್ತೀರೇನ್ರಿ?" ಎಂದರು, ಆದರೆ ನನ್ನ ತೋಳು ಬಿಡಲಿಲ್ಲ.

ಕುಂಟ ಬತ್ತಿತ್ತು. ಇಪ್ಪಿ ಗಿಡದ ಒಂದು ದೊಡ್ಡ ಕೊಂಬೆ ಮುರಿದಿತ್ತು, ಮರ ನಿಂತಿತ್ತು. ಅವರು ಬುಡದಲ್ಲಿ ಮೆಲ್ಲಗೆ ಕುಳಿತು ಸ್ಟೀಲ್ ಡಬ್ಬಿಯ ಹಾಲನ್ನು ಎರೆದರು. ಹಾಲು ಇಂಗುವವರೆಗೂ ಕಾದು, ಒದ್ದೆ ಮಣ್ಣಿನ ಮೇಲೆ ಅಂಗೈ ಊರಿದರು. ಆಮೇಲೆ ನನ್ನ ಕೈಲಿದ್ದ ಮೊಬೈಲಿನ ಕಡೆ ನೋಡಿದರು.

"ಇದು ಮುಟ್ಟಿದ್ರ ಓಡಂಗಿಲ್ಲ ನೋಡ್ರಿ," ಎಂದರು.