ಕಪ್ಪು ಟಬ್ಬಿನ ಆಲದ ಸಸಿ

ಎದುರು ಮನೆಯವಳ ಆಲದ ಸಸಿ ನನ್ನದಕ್ಕಿಂತ ಚೆನ್ನಾಗಿತ್ತು. ಈಗ ಒಪ್ಪಿಕೊಳ್ಳುವುದು ಸುಲಭ, ಆಗ ಹೊಟ್ಟೆ ಉರಿಯುತ್ತಿತ್ತು. ಎರಡೂ ಹುಟ್ಟಿದ್ದು ಒಂದೇ ಜಾಗದಲ್ಲಿ, ಎಪ್ಪತ್ತರ ದಶಕದಲ್ಲಿ ನಾವಿದ್ದ ವಿಲೆ ಪಾರ್ಲೆಯ ಬಿಲ್ಡಿಂಗಿನ ನೀರಿನ ಪೈಪಿನ ಹಿಂದೆ, ಗೋಡೆಯ ಬಿರುಕಿನಲ್ಲಿ. ಕಿತ್ತವಳು ನಾನು. ಒಂದನ್ನು ಅವಳಿಗೆ ಕೊಟ್ಟವಳೂ ನಾನೇ. ಎರಡು ವರ್ಷದಲ್ಲಿ ಅವಳದರ ಕಾಂಡ ಹೆಬ್ಬೆರಳು ದಪ್ಪವಾಯಿತು, ನನ್ನದು ಕಿರುಬೆರಳು ದಾಟಲಿಲ್ಲ.

ನಮ್ಮಿಬ್ಬರಿಗೂ ಬಾಂದ್ರಾದಲ್ಲಿ ಬೋನ್ಸಾಯ್ ಕಲಿಸುತ್ತಿದ್ದ ಪಾರ್ಸಿ ಬಾಯಿ ಪ್ರತಿ ಶನಿವಾರ ಅವಳ ಸಸಿಯನ್ನೇ ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸುವರು. ನನ್ನದನ್ನು ನೋಡಿ, ಬೆಳೆಯುತ್ತದೆ ಬಿಡಿ ಎನ್ನುವರು. ಬೋನ್ಸಾಯ್ ಇಡುವ ಪಿಂಗಾಣಿ ತಟ್ಟೆಗೆ ಈಗಲೇ ಆಸೆಪಡಬೇಡಿ, ಇನ್ನು ಮೂರು ನಾಲ್ಕು ವರ್ಷ ಬೇರು ಹರಡಲು ಅಗಲವಾದ, ಬಾಳಿಕೆ ಬರುವ ಪ್ಲಾಸ್ಟಿಕ್ ಟಬ್ ಬೇಕು ಎಂದು ಅವರು ಹೇಳಿದ್ದರಿಂದ ಏಪ್ರಿಲ್ಲಿನ ಒಂದು ಮಧ್ಯಾಹ್ನ ನಾವಿಬ್ಬರೂ ಲೋಕಲ್ ರೈಲು ಹತ್ತಿ ಧಾರಾವಿಗೆ ಹೋದೆವು.

ಹಳೆಯ ಪ್ಲಾಸ್ಟಿಕ್ ಕರಗಿಸಿ ಟಬ್ ಮಾಡುವ ಸಣ್ಣ ಕಾರ್ಖಾನೆ. ಯಜಮಾನರು ವಿಜಾಪುರದ ಕಡೆಯ ಸಾಬರು. ನಾನೂ ಆ ಕಡೆಯವಳೆಂದು ತಿಳಿದದ್ದೇ ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದರು.

"ಬಣ್ಣಕ್ಕ ಮರುಳಾಗಬ್ಯಾಡ್ರಿ ಅಕ್ಕಾರ. ಅಂಚು ಬಗ್ಗಿಸಿ ನೋಡ್ರಿ. ಬಿಳಿ ಗೆರಿ ಮೂಡಿದ್ರ ಬಿಸಲಿಗೆ ಸೀಳತದ."

ಪಕ್ಕದಲ್ಲಿದ್ದ ಅವಳು ಮರಾಠಿಯವಳು, ನಮ್ಮ ಮಾತೆಲ್ಲ ಹಿಂದಿಯಲ್ಲೇ. ಸಾಬರು ಏನಂದರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದೊಂದೇ ಟಬ್ ಬಗ್ಗಿಸುತ್ತ ಹೋದೆ. ಗೆರೆ ಮೂಡದ್ದು ಒಂದೇ ಒಂದು, ಕಪ್ಪಗೆ, ದಪ್ಪಗೆ, ನೋಡಲು ಚಂದವಿಲ್ಲದ್ದು. ಅದನ್ನು ಎದೆಗವಚಿಕೊಂಡೆ. ಅವಳು ಒಂದು ಹಸಿರು ಟಬ್ ಎತ್ತಿ ಹೇಗಿದೆ ಎಂದಳು. ನಾನು ಬಗ್ಗಿಸಿದಾಗ ಮೂಡಿದ ಬಿಳಿ ಗೆರೆ ಅದರ ಅಂಚಿನಲ್ಲಿ ಇನ್ನೂ ಇತ್ತು. ಬಹಳ ಚೆನ್ನಾಗಿದೆ ಎಂದೆ. ಹೇಳುವಾಗ ಹಾಲು ಕುಡಿದಷ್ಟು ಸಂತೋಷವಾಯಿತು.

ಮೇ ತಿಂಗಳ ಬಿಸಿಲಿಗೆ ಹಸಿರು ಟಬ್ ಸೀಳಿತು. ಅವಳು ಸುತ್ತ ತಂತಿ ಬಿಗಿದಳು. ಅಯ್ಯೋ ಪಾಪ ಎಂದು ಬಾಯಲ್ಲಿ ಹೇಳಿ, ಮನೆಯೊಳಗೆ ಬಂದು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡೆ. ನನ್ನ ಕಪ್ಪು ಟಬ್ಬಿಗೆ ಏನೂ ಆಗಿರಲಿಲ್ಲ. ಕಾದ ಸಲಾಕೆಯಿಂದ ತಳಕ್ಕೆ ಐದಾರು ತೂತು ಕೊರೆಯಬೇಕೆಂದು ಸಾಬರು ಹೇಳಿದ್ದರು. ಅಂಥ ಗಟ್ಟಿ ಟಬ್ಬನ್ನು ಕೆಡಿಸಲು ಮನಸ್ಸು ಬಾರದೆ ನಾನು ಒಂದೇ ಒಂದು ಕೊರೆದಿದ್ದೆ.

ಮಳೆ ಹಿಡಿದ ಮೇಲೆ ಆ ತೂತಿಗೂ ಮಣ್ಣು ಕಟ್ಟಿತು. ಅವಳ ಟಬ್ಬಿನ ಸೀಳಿನಿಂದ ನೀರು ಹರಿದುಹೋಗುತ್ತಿತ್ತು, ನನ್ನದರಲ್ಲಿ ನಿಂತಿತು. ಆಗಸ್ಟಿನಲ್ಲಿ ಎಲೆಗಳು ಹಳದಿಯಾಗಿ ಉದುರಿದವು. ಕಿತ್ತು ನೋಡಿದರೆ ಬೇರುಗಳೆಲ್ಲ ಕೊಳೆತು ನಾರುತ್ತಿದ್ದವು. ಅವತ್ತು ಅತ್ತುಬಿಟ್ಟೆ. ಸಸಿ ಸತ್ತಿತೆಂದು ಅರ್ಧ, ಅವಳದು ಬದುಕಿತಲ್ಲ ಎಂದು ಅರ್ಧ.

ಗಣಪತಿ ಹಬ್ಬ ಮುಗಿದ ಮೇಲೆ ಅವಳು ತನ್ನ ಆಲದ ಒಂದು ರೆಂಬೆಗೆ ಬೇರು ಬರಿಸಿ, ಡಬ್ಬಿಯಲ್ಲಿ ತಂದುಕೊಟ್ಟಳು. ಖಾಲಿ ಬಿದ್ದಿದ್ದ ಕಪ್ಪು ಟಬ್ಬನ್ನು ತಾನೇ ಎಳೆದುಕೊಂಡು ಅಂಚನ್ನು ಹೆಬ್ಬೆರಳಿನಿಂದ ಬಗ್ಗಿಸಿ ನೋಡಿದಳು. ಆಮೇಲೆ ಮೊದಲ ಸಲ ನನ್ನೊಡನೆ ಕನ್ನಡದಲ್ಲಿ ಮಾತಾಡಿದಳು.

"ಬಿಳಿ ಗೆರಿ ಇಲ್ರಿ, ಛಲೋ ಅದ. ತೂತಷ್ಟ ಇನ್ನೂ ನಾಕು ಕೊರೀರಿ."

ಅವಳ ತಾಯಿಯ ತವರು ಅಕ್ಕಲಕೋಟೆಯಂತೆ, ಅಲ್ಲಿ ಮನೆಮಾತು ಕನ್ನಡವೇ ಅಂತೆ. ಹಾಗಾದರೆ ಗೊತ್ತಿದ್ದೂ ಆ ಹಸಿರು ಟಬ್ ಯಾಕೆ ತಗೊಂಡಿರಿ ಎಂದು ನಾನು ತಡವರಿಸಿ ಕೇಳಿದೆ.

"ನೀವು ಹೇಳತೀರೇನೋ ಅಂತ ಕಾದೆ."

ಸಲಾಕೆ ಕಾಯಿಸುವ ನೆಪ ಮಾಡಿ ನಾನು ಅಡಿಗೆಮನೆಗೆ ಹೋದೆ.