ಶುಕ್ರವಾರದ ಹಾಸಿಗೆ

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಶಿರಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಹಾಸಿಗೆ ಹೊಲಿಯುವ ಸಾಬರೊಬ್ಬರಿದ್ದರು. ಏಳಲಾಗದ ತಾಯಿಯನ್ನು ಅವರೇ ಬಚ್ಚಲಿಗೆ ಎತ್ತಿಕೊಂಡು ಹೋಗುತ್ತಿದ್ದರು. ಬೆನ್ನು ಹುಣ್ಣಾಗಬಾರದೆಂದು ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಆಕೆಯ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿಯುತ್ತಿದ್ದರು. ಯಾರು ನೆರವಿಗೆ ಹೋದರೂ, “ನಾನಿದೀನಲ್ಲ, ಬುಡಿ” ಎನ್ನುತ್ತಿದ್ದರು. ತಮ್ಮ ಸೊಂಟನೋವಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಾಯಿಯನ್ನು ಎತ್ತುವಾಗ ಸಾಬರ ಸೊಂಟ ಹಿಡಿದುಕೊಂಡು ಇಬ್ಬರೂ ಬಿದ್ದರು. ನಾವು ಓಡಿಹೋಗಿ ಎಬ್ಬಿಸಿದೆವು. ಮುದುಕಿಗೆ ಏನೂ ಆಗಿರಲಿಲ್ಲ.

“ನನ್ನ ಎತ್ತೋಕೆ ನೀನಿದ್ದೆ. ನಿನ್ನ ಎತ್ತೋರು ಯಾರ್ಲಾ? ಬೆಂಗಳೂರಿನ ಮುದುಕರ ಆಶ್ರಮಕ್ಕೆ ಸೇರಿಸ್ಬುಡು” ಎಂದಳು.

ಆಶ್ರಮದವರು ಆಕೆಯನ್ನು ಸೇರಿಸಿಕೊಂಡು, ಹಾಸಿಗೆ ಬೇಡವೆಂದು ವಾಪಸು ಕಳಿಸಿದರು. ಆ ಶುಕ್ರವಾರವೂ ಸಾಬರು ಅದನ್ನು ಬಿಚ್ಚಿ ಹತ್ತಿ ಹಿಂಜಿದರು. ದಾರ ಪೋಣಿಸಿ ಕೊಡಲೇ ಎಂದು ಕೇಳಿದೆ. ಸೂಜಿಯನ್ನು ನನ್ನ ಕಡೆ ಚಾಚಿದರು.